ತೆಗೆದು ಹಾಕಿದ ಪದಗಳು

ಕುಶಾಲನಗರದ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಿರಂಜನನಿಗೆ ಈಚೆಗೆ ಸುಸ್ತು ಎಂಬುದು ಹುಟ್ಟುಗುಣದಂತೆ ಅಂಟಿಕೊಂಡಿತ್ತು. ಹದಿನೆಂಟು ವರ್ಷ ಬಗ್ಗಿ ಸ್ಕ್ರೂ ಬಿಚ್ಚಿದ ಸೊಂಟ. "ಸಿಸ್ಟಮ್ ಸ್ಲೋ" ಎಂಬ ಒಂದೇ ದೂರು ಕೇಳಿ ಕೇಳಿ ದಣಿದ ಕಿವಿ. ಸ್ಲೋ ಆಗದೆ ಏನು ಮಾಡೀತು? ಹತ್ತು ವರ್ಷ ದುಡಿಸಿದರೆ ಎತ್ತೂ ಮಲಗುತ್ತದೆ.

ಸೌಮ್ಯಳ ಕಂಪ್ಯೂಟರೂ ಹಾಗೆ ಮಲಗಿದ್ದೇ. ಪಕ್ಕದ ಬೀದಿಯಲ್ಲಿ ಅವಳದು ಡಿಟಿಪಿ, ಜೆರಾಕ್ಸ್ ಅಂಗಡಿ. ಪಹಣಿ ಬೇಕೆಂದು ಬಂದವರು ಹೋಟೆಲಿಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲಿನ ಚಕ್ರ ಇನ್ನೂ ತಿರುಗುತ್ತಲೇ ಇರುತ್ತಿತ್ತು. ನಿರಂಜನ ಉಪಾಯ ಹೇಳಿದ್ದ. ಎಸ್‌ಎಸ್‌ಡಿ ಎಂಬ ಹೊಸ ವೇಗದ ಡಿಸ್ಕೊಂದು ಹಾಕೋಣ, ವಿಂಡೋಸ್ ಅದರಲ್ಲಿರಲಿ. ಹಳೇ ಹಾರ್ಡ್ ಡಿಸ್ಕೂ ಅದೇ ಪೆಟ್ಟಿಗೆಯಲ್ಲಿ ಫೈಲು ಇಡುವುದಕ್ಕೆ ಇರಲಿ. ಓಡುವುದಕ್ಕೆ ಒಂದು, ಹೊರುವುದಕ್ಕೆ ಒಂದು.

ಸೋಮವಾರ ಎರಡನ್ನೂ ಜೋಡಿಸಿ ಫೋನ್ ಮಾಡಿದ. "ಸೌಮ್ಯಕ್ಕ, ಹಳೇದ್ರಲ್ಲಿ ಇರೋದ್ನ ಏನ್ ಮಾಡ್ಲಿ?"

ಅವಳ ಅಂಗಡಿಯಲ್ಲಿ ಜನರ ಗಲಾಟೆ. "ಎಲ್ಲ ತೆಗ್ದಾಕ್ಬಿಡಿ ಅಣ್ಣ."

"ಎಲ್ಲಾನೂವಾ?"

"ಹೂಂ ಅಣ್ಣ, ಒಂದೂ ಬಿಡ್ಬೇಡಿ."

ಅವನು ಒಂದೂ ಬಿಡಲಿಲ್ಲ. ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ. ಗಿರಾಕಿಗೆ ಖಾಲಿ ಡಿಸ್ಕು ಕೊಡಬಾರದೆಂಬ ಔದಾರ್ಯ ಬೇರೆ. ಪ್ರಿಂಟರ್ ಸಾಫ್ಟ್‌ವೇರು, ಕನ್ನಡ ಫಾಂಟು ಎಂದು ದೊಡ್ಡದೊಂದು ಫೋಲ್ಡರನ್ನೂ ಅದರ ಮೇಲೆ ತುಂಬಿದ.

ಮಧ್ಯಾಹ್ನ ಸೌಮ್ಯ ಬಂದಳು. ಜೊತೆಗೆ ಅತ್ತೆ ನಿಂಗಮ್ಮ. ಹಾಸನದ ಕಡೆಯಿಂದ ಬಂದು ಇಲ್ಲಿ ಜೋಳ, ಶುಂಠಿ ಬೆಳೆದುಕೊಂಡು ನೆಲೆನಿಂತ ಮನೆಯವರು. ಸುತ್ತಿನ ಹಳ್ಳಿಗಳಲ್ಲಿ ಮದುವೆ ಎಂದರೆ ನಿಂಗಮ್ಮನ ಸೋಬಾನೆ ಪದ ಇರಲೇಬೇಕಿತ್ತು. ಹೋದ ಶಿವರಾತ್ರಿಗೆ ಮುಂಚೆ ಮೈಸೂರಿನಲ್ಲಿ ಗಂಟಲು ಕೊಯ್ದು ಗಡ್ಡೆ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಬಾಯಿ ತೆರೆದರೆ ಬರುವುದು ಬರೀ ಉಸಿರು.

ಗುಂಡಿ ಒತ್ತಿದ್ದೇ ತಡ, ಪರದೆ ಬಂದೇಬಿಟ್ಟಿತು. ಸೌಮ್ಯಳ ಮುಖ ಅರಳಿತು. ಆಮೇಲೆ ಏನನ್ನೋ ಹುಡುಕಿದಳು, ಮತ್ತೆ ಹುಡುಕಿದಳು.

"ಅಣ್ಣ, 'ಅತ್ತೆ ಪದ' ಅಂತ ಫೋಲ್ಡರ್ ಇತ್ತಲ್ಲ, ಇವ್ರ ದನೀಲಿ ನಲ್ವತ್ತು ಪದ. ಎಲ್ ಹಾಕಿದ್ದೀರ?"

"ತೆಗ್ದಾಕಿ ಅಂದ್ರಲ್ಲಕ್ಕ."

"ಹೂಂ. ಹಳೇದ್ರಿಂದ ತೆಗ್ದು ಹೊಸದಕ್ಕೆ ಹಾಕಿ ಅಂದೆ!"

ಆಗ ನಿರಂಜನನಿಗೆ ಹೊಳೆಯಿತು. ಒಂದೇ ಮಾತು. ಅವಳು ಮನೆ ಬದಲಿಸುವವಳ ಹಾಗೆ ಆಡಿದ್ದಳು, ಅವನು ಕಸ ಹೊಡೆಯುವವನ ಹಾಗೆ ಕೇಳಿಸಿಕೊಂಡಿದ್ದ. ಕೊಡವ ತಕ್ಕು, ಮಲಯಾಳ, ತಮಿಳು ಎಂದು ಹತ್ತು ಭಾಷೆಯವರ ಜೊತೆ ವ್ಯವಹರಿಸಿದವನು, ಕನ್ನಡದವಳ ಕನ್ನಡಕ್ಕೇ ಎಡವಿಬಿದ್ದ.

"ಮೊಬೈಲಲ್ಲಿ ಇಲ್ವಾ ಅಕ್ಕ?"

"ರೆಕಾರ್ಡ್ ಮಾಡಿದ್ ಮೊಬೈಲು ಹಾಳಾಗಿ ಯಾವ ಕಾಲ ಆಯ್ತು." ಅವಳಿಗೆ ಕೂಗಾಡುವ ತ್ರಾಣವೂ ಇದ್ದಂತಿರಲಿಲ್ಲ. ನಿಂಗಮ್ಮ ಇಬ್ಬರ ಮುಖವನ್ನೂ ನೋಡಿ, ವಿಷಯ ತಿಳಿದು, ತಲೆ ತಗ್ಗಿಸಿದರು.

"ಹಳೇ ಡಿಸ್ಕಾಗಿದ್ದಕ್ಕೆ ಸ್ವಲ್ಪ ಆಸೆ ಇದೆ," ಎಂದ ನಿರಂಜನ. "ಫಾರ್ಮ್ಯಾಟ್ ಮಾಡಿದ್ರೆ ಅದು ಹೆಸರಿನ ಪಟ್ಟಿ ಮಾತ್ರ ಹರ್ದಾಕ್ತದೆ, ಒಳಗಿಂದು ಹಂಗೇ ಬಿದ್ದಿರ್ತದೆ. ಹೊಸದ್ರಲ್ಲಿ ಅಳ್ಸಿದ್ರೆ ಅದು ಗುಡ್ಸಿ ಸಾರ್ಸಿಬಿಡ್ತಿತ್ತು. ಆದ್ರೆ ನಾನು ಫೋಲ್ಡರ್ ಹಾಕಿದ ಜಾಗದ್ದು ಸಿಗಲ್ಲ ಅಕ್ಕ. ತಪ್ಪು ನಂದು."

ಮೂರು ದಿನ ಬೇರೆ ಕೆಲಸ ಮುಟ್ಟದೆ ಆ ಮುದಿ ಡಿಸ್ಕನ್ನು ಕೆದಕಿದ. ಅದು ಕಿರಗುಟ್ಟುತ್ತ, ನಿಲ್ಲುತ್ತ, ಒಂದೊಂದನ್ನೇ ಒಪ್ಪಿಸಿತು. ಗುರುವಾರ ಅತ್ತೆ ಸೊಸೆ ಬಂದಾಗ ಇಪ್ಪತ್ತೊಂಬತ್ತು ಪದ ಇಡಿಯಾಗಿ ಸಿಕ್ಕಿದ್ದವು. ಹತ್ತು ಪೂರ್ತಿ ಹೋಗಿದ್ದವು. ಒಂದು ಅರ್ಧ ಉಳಿದಿತ್ತು, ಅದನ್ನು ಕೊನೆಗೆ ಹಾಕಿದ.

ಹೆಣ್ಣೊಪ್ಪಿಸುವ ಪದ ಅದು. ಹೆಣ್ಣಿನ ತಾಯಿ ಗಂಡಿನ ತಾಯಿಗೆ ಹೇಳುವುದು.

"ಅಂಗಳ ಗುಡಿಸೋದ ಕಲಿಸೀನಿ ಬೀಗಿತ್ತಿ..."

ದನಿ ಏರಿ, ಕರ್ರೆಂದು ನಿಂತುಹೋಯಿತು.

"ನಮ್ ನಾದಿನಿ ಮದ್ವೇಲಿ ಹಾಡಿದ್ದು," ಎಂದಳು ಸೌಮ್ಯ. "ಮುಂದಿಂದು ನಂಗ್ ಗೊತ್ತಿಲ್ಲ ಅಣ್ಣ. ಕಂಪ್ಯೂಟರಲ್ಲಿ ಇದ್ಯಲ್ಲ ಅಂತ ಕಲೀಲೇ ಇಲ್ಲ." ಅಷ್ಟು ಹೇಳಿ, ಆಸ್ಪತ್ರೆಯ ದಿನಗಳಿಂದ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂದಂತೆ ಅತ್ತಳು. ನಿರಂಜನನಿಗೆ ನಾಚಿಕೆಯಿಂದ ನೆಲ ಬಿರಿದರೆ ಇಳಿದುಬಿಡೋಣ ಎನಿಸಿತು.

ನಿಂಗಮ್ಮ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡರು. ಸೆರಗಿನಿಂದ ಸೊಸೆಯ ಮುಖ ಒರೆಸಿ, ಅವಳ ಕಿವಿಯ ಬಳಿ ಬಾಯಿಟ್ಟರು. ನಿರಂಜನ ಎದ್ದು ಫ್ಯಾನು ಆರಿಸಿದ. ಉಸಿರಿನಲ್ಲೇ ಸಾಲು ಬಂತು.

"ಅತ್ತರೆ ರಮಿಸೋದ ನೀ ಕಲಿಯೆ."

ನಿರಂಜನ ಮೊಬೈಲು ತೆಗೆದು ರೆಕಾರ್ಡಿಂಗ್ ಒತ್ತಿದ. "ಅಮ್ಮ, ಇನ್ನೊಂದ್ಸಲ ಹೇಳಿ." ನಿಂಗಮ್ಮ ಬೇಡವೆಂದು ತಲೆಯಾಡಿಸಿ, ಸೊಸೆಯ ಕಡೆ ಬೆರಳು ತೋರಿಸಿದರು.

ಸೌಮ್ಯ ಮೂಗು ಒರೆಸಿಕೊಂಡು, ರಾಗವಿಲ್ಲದ ದನಿಯಲ್ಲಿ ಎರಡೂ ಸಾಲು ಹಾಡಿದಳು. ತಪ್ಪಿದಲ್ಲಿ ನಿಂಗಮ್ಮ ಅವಳ ತೊಡೆಯ ಮೇಲೆ ತಾಳ ತಟ್ಟಿ ತಿದ್ದಿದರು.

ನಿರಂಜನ ಅದನ್ನು ಕಂಪ್ಯೂಟರಿಗೆ ಇಳಿಸಿ, ಕೈ ತಡೆದು ಕೇಳಿದ. "ಅಕ್ಕ, ಇದನ್ನ ಏನ್ ಮಾಡ್ಲಿ?"

"ಇಡಿ ಅಣ್ಣ," ಎಂದಳು ಸೌಮ್ಯ. "ಹಳೇದು, ಹೊಸದು ಎರಡ್ರಲ್ಲೂ ಇಡಿ."