ಐವತ್ತೊಂದನೆಯ ಹಾಳೆ

೧೯೬೧ರ ನವೆಂಬರ್ ೧೪, ಮಂಗಳವಾರ. ಇರೀದೆಯ ಅಚ್ಚಿನ ಮನೆಯಲ್ಲಿ ಐವತ್ತು ಹಾಳೆಗಳು ಒಣಗಿದ್ದವು. ಚಿತ್ರಕಾರ ವೆಝಾನಿ ಒಂದೊಂದಕ್ಕೂ ಸೀಸದಕಡ್ಡಿಯಿಂದ ಸಂಖ್ಯೆ ಬರೆದು ಸಹಿ ಹಾಕುತ್ತಿದ್ದ. ಮೂವತ್ತು ವರ್ಷಗಳಿಂದ ಅವನು ಮನುಷ್ಯನನ್ನಾಗಲಿ ಮರವನ್ನಾಗಲಿ ಬಿಡಿಸಿದವನಲ್ಲ. ಬರೀ ಗೆರೆ, ಬರೀ ಚೌಕ. ಮಿಲಾನೊ ಊರು ಮೊದಲು ನಕ್ಕಿತು, ಆಮೇಲೆ ಕೊಂಡಿತು. ನಕ್ಕ ಕಾಲದಲ್ಲೂ ಕೊಂಡ ಕಾಲದಲ್ಲೂ ಅವನ ತಾಮ್ರದ ತಗಡುಗಳಿಗೆ ಮಸಿ ತುಂಬಿ, ಅಂಗೈಯಿಂದ ಒರೆಸಿ ಅಚ್ಚು ತೆಗೆದವಳು ಇರೀದೆ. ಪ್ರತಿ ತಗಡಿನಿಂದಲೂ ಲೆಕ್ಕದ ಹೊರಗೆ ಒಂದು ಹಾಳೆ ಅಚ್ಚಿನವರಿಗೆ ಸಲ್ಲುವುದು ಪದ್ಧತಿ. ಒಂದನ್ನು ಬಿಟ್ಟು ಅವೆಲ್ಲ ಅವಳ ಗೋಡೆಯ ಮೇಲೆ ಸಾಲಾಗಿದ್ದವು. ಈಗ ವೆಝಾನಿಯ ಕಣ್ಣು ಮಂಜಾಗಿತ್ತು. ಇದೇ ಕೊನೆಯ ತಗಡು. ಆ ಸಾಲು ಇದರಿಂದ ಮುಗಿಯಬೇಕೆಂಬುದು ಅವಳ ಆಸೆ.

"ಇನ್ನು ನನ್ನದು ತೆಗೀಲಾ, ಮಾಯೆಸ್ತ್ರೋ?" ಎಂದು ಇರೀದೆ ಗೌರವದಿಂದ ಕೇಳಿದಳು.

"ನಿಂದಾ? ನಿಂಗೆ ಕೊಟ್ಟಿದ್ದ ಹಾಳೇನ ಬ್ರೇರಾ ಬೀದೀಲಿ ನೋಡ್ಕೊಂಡು ಬಂದೆ. ಅಂಗಡಿ ಕಿಟಕೀಲಿ ಹಿತ್ತಾಳೆ ಗಡಿಯಾರದ ಪಕ್ಕ ನೇತಾಕಿದ್ರು. ಒಳ್ಳೇ ಜೋಡಿ ಕಟ್ಟಿದೀಯ ನಂಗೆ!"

"ನನ್ನ ಗಂಡನ್ನ ಮಣ್ಣು ಮಾಡೋಕೆ ಕಾಸಿರ್ಲಿಲ್ಲ. ಅದೊಂದೇ ಮಾರಿದ್ದು."

"ನನ್ನ ಕೇಳ್ಬೋದಿತ್ತಲ್ಲ?"

"ಕೇಳಿದ್ದೆ. ಊಟಕ್ಕೆ ಕೂತಿದ್ರಿ. ರಿಸೊಟ್ಟೊ ಆರಿಹೋಗುತ್ತೆ, ನಾಳೆ ಬಾ ಅಂದ್ರಿ."

ವೆಝಾನಿ ಕೆತ್ತುವ ಉಳಿಯನ್ನು ಎತ್ತಿಕೊಂಡು ತಗಡಿನ ಮೂಲೆಯಿಂದ ಮೂಲೆಗೆ ಎಳೆದ. ಮತ್ತೊಮ್ಮೆ ಅಡ್ಡಲಾಗಿ ಎಳೆದ. ಇನ್ನು ಯಾರೂ ಅಚ್ಚು ತೆಗೆಯದಂತೆ ತಗಡನ್ನು ಹೀಗೆ ಕೆಡಿಸುವುದುಂಟು. ಆದರೆ ಅದು ಅಚ್ಚಿನವರ ಹಾಳೆ ಬಂದ ಮೇಲೆ.

"ತೆಗಿ ಈಗ ನಿಂದು."

ಇರೀದೆ ಅಳಲಿಲ್ಲ. ತಗಡನ್ನು ಬಿಸಿ ಮಾಡಿ ಮಸಿ ತುಂಬಿದಳು. ಒರೆಸುವಾಗ ಹೊಸ ಗೆರೆಗಳ ಅಂಚು ಅಂಗೈಯನ್ನು ಸೀಳಿತು. ರಕ್ತವನ್ನು ಸೊಂಟದ ಮುಂದೆ ಕಟ್ಟಿದ ಬಟ್ಟೆಗೆ ಒರೆಸಿಕೊಂಡು, ಮೊದಲಿನ ಐವತ್ತಕ್ಕಿಂತ ಒಂದಿಷ್ಟೂ ಕಡಿಮೆ ಇಲ್ಲದಂತೆ ಒರೆಸಿ ಯಂತ್ರದ ಚಕ್ರ ತಿರುಗಿಸಿದಳು. ಹಾಳೆ ಎದ್ದಿತು.

ವೆಝಾನಿ ಅದನ್ನು ಕಿಟಕಿಯ ಬಳಿಗೆ ಒಯ್ದು ಕಣ್ಣಿಗೆ ಹತ್ತಿರ ಹಿಡಿದ. ಅಚ್ಚುಕಟ್ಟಾದ ಚೌಕಗಳ ಮೇಲೆ ಎರಡು ಕಪ್ಪು ಗೆರೆಗಳು ಹಾಯ್ದುಹೋಗಿದ್ದವು. ಬಹಳ ಹೊತ್ತು ನೋಡಿದ.

"ಆ ಐವತ್ತೂ ಕಸ ಕಣೇ ಇರೀದೆ. ಇದು ಚಿತ್ರ!"

ಅವಳು ಕೈ ಚಾಚಿದಳು. "ಕೊಡಿ ಮತ್ತೆ."

"ಹಸಿ ಇದೆ, ಮುಟ್ಬೇಡ." ಹಾಳೆಯನ್ನು ತೆಳುಕಾಗದದ ನಡುವೆ ಇಟ್ಟು ತನ್ನ ಚೀಲಕ್ಕೆ ಸೇರಿಸಿದ. ತಗಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡ. ಟೋಪಿ ಹಾಕಿಕೊಂಡು, "ನಿಂದೊಂದು ಬಾಕಿ ಇದೆ. ಜ್ಞಾಪಿಸು, ಮರೆತುಬಿಟ್ಟೇನು" ಎಂದ.

ಅವಳು ಎರಡು ಸಲ ಜ್ಞಾಪಿಸಿದಳು. ಮೂರನೆಯ ಸಲ ಹೋದಾಗ ಅವನ ಮನೆಯ ಬಾಗಿಲಿಗೆ ಸಾವಿನ ಕಪ್ಪು ಬಟ್ಟೆ ಕಟ್ಟಿದ್ದರು. ಬಾಕಿ ಹಾಗೆಯೇ ಉಳಿಯಿತು.