ಮೂರನೇ ತಿರುವಿನಲ್ಲಿ ಏನಾಗುತ್ತದೆ

ಆರ್ವೆಲಾ ಸ್ಟೇಮಿಗೆ ಕುತೂಹಲ ಅನ್ನುವುದು ಒಂದು ಕಾಯಿಲೆಯೇ ಆಗಿತ್ತು. ಪಕ್ಕದ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ತಿಳಿಯದಿದ್ದರೆ ಅವಳಿಗೆ ತನ್ನ ಮನೆಯ ಊಟ ರುಚಿಸುತ್ತಿರಲಿಲ್ಲ. ಅಂಥವಳ ತಲೆಯನ್ನು ಒಂದು ವರ್ಷದಿಂದ ಒಂದೇ ಪ್ರಶ್ನೆ ತಿನ್ನುತ್ತಿತ್ತು. ತನ್ನ ಗಂಡ ಡಾಯ್ಲ್ ಮೂರನೇ ತಿರುವಿಗೆ ಬಂದಾಗ ಮಾತ್ರ ಯಾಕೆ ಕಾರಿನ ವೇಗ ಇಳಿಸುತ್ತಾನೆ?

ಉತ್ತರ ಕೆರೊಲಿನಾದ ಗುಡ್ಡಗಳ ನಡುವಿನ ಆ ಕೆಮ್ಮಣ್ಣಿನ ಟ್ರ್ಯಾಕು ಅರ್ಧ ಮೈಲಿಯೂ ಇರಲಿಲ್ಲ. ಮೊಟ್ಟೆಯಾಕಾರದ ದಾರಿ, ನಾಲ್ಕು ತಿರುವು, ನಾಲ್ಕೂ ಎಡಕ್ಕೆ. ಭಾನುವಾರ ಚರ್ಚು ಮುಗಿಸಿ, ಕರಿದ ಕೋಳಿಯ ಬುಟ್ಟಿ ಹಿಡಿದು, ಊರಿಗೆ ಊರೇ ಅಲ್ಲಿ ಸೇರುತ್ತಿತ್ತು. ಮೊದಲೆರಡು ತಿರುವುಗಳಲ್ಲಿ ಡಾಯ್ಲ್‌ನನ್ನು ಹಿಡಿಯುವವರೇ ಇರಲಿಲ್ಲ. ಮೂರನೆಯದಕ್ಕೆ ಬರುತ್ತಿದ್ದಂತೆ ಆಕ್ಸಿಲರೇಟರಿನಿಂದ ಕಾಲು ತೆಗೆದುಬಿಡುತ್ತಿದ್ದ. ಹಿಂದಿದ್ದವರು ಬಲಗಡೆಯಿಂದ ನುಗ್ಗಿ ಮುಂದೆ ಹೋಗುತ್ತಿದ್ದರು.

"ಸ್ಟೇಮಿಗೆ ಅಲ್ಲಿ ದೆವ್ವ ಕಾಣ್ಸುತ್ತೆ ಕಣ್ರೋ!" ಎಂದು ಗ್ಯಾಲರಿಯಲ್ಲಿ ಕೂತವರು ಕೂಗುತ್ತಿದ್ದರು. ಅದೇ ಗ್ಯಾಲರಿಯಲ್ಲಿ ಕೂತ ಆರ್ವೆಲಾ ಅದನ್ನು ನುಂಗಿಕೊಳ್ಳುತ್ತಿದ್ದಳು.

ಕೇಳಿದರೆ, ಕಾರಿನ ಹಿಂಬದಿ ಜಾರುತ್ತದೆ ಅನ್ನುತ್ತಿದ್ದ ಡಾಯ್ಲ್. ಕಾರು ಅವನ ಅಣ್ಣ ಹೋಬರ್ಟನದು. ಅದನ್ನು ಬಿಚ್ಚಿ, ಬೆಸೆದು, ರೇಸಿಗೆ ಅಣಿ ಮಾಡಿದವನೂ ಅವನೇ. ತನ್ನ ಕೆಲಸದಲ್ಲಿ ಹುಳುಕು ಹುಡುಕುವುದನ್ನು ಅವನು ಎಷ್ಟು ದಿನ ಸಹಿಸಿಯಾನು? ಈ ಭಾನುವಾರ ಬೆಳಿಗ್ಗೆ ಹೇಳಿಯೇಬಿಟ್ಟಿದ್ದ: "ಇವತ್ತು ದೊಡ್ಡ ರೇಸಲ್ಲಿ ಮತ್ತೆ ಕಾಲು ತೆಗ್ದೆ ಅಂದ್ರೆ, ನಿನ್ನ ಇಳ್ಸಿ ಬೇರೆಯವನನ್ನ ಕೂರಿಸ್ತೀನಿ." ವಾರವಿಡೀ ಹತ್ತಿ ಗಿರಣಿಯ ಧೂಳು ಕುಡಿಯುವ ಡಾಯ್ಲ್‌ಗೆ ಆ ಸೀಟು ಬಿಟ್ಟರೆ ಬೇರೆ ಬದುಕೇ ಇರಲಿಲ್ಲ.

ಆರ್ವೆಲಾಗೆ ಇನ್ನೊಂದು ಸಂಕಟವೂ ಇತ್ತು. ಅದೇ ಒಂದು ವರ್ಷದಿಂದ ಡಾಯ್ಲ್ ಅವಳನ್ನು ಮುಖ ಕೊಟ್ಟು ನೋಡಿರಲಿಲ್ಲ. ಪಿಕಪ್ ಗಾಡಿಯಲ್ಲಿ ಪಕ್ಕದಲ್ಲೇ ಕೂತು ನಕ್ಕರೂ ಅತ್ತರೂ ಅವನ ಕಣ್ಣು ರಸ್ತೆ ಬಿಟ್ಟು ಕದಲುತ್ತಿರಲಿಲ್ಲ. ಅವನಿಗೆ ತನ್ನ ಮೇಲಿನ ಪ್ರೀತಿ ಹೋಗಿದೆ ಎಂದುಕೊಂಡಿದ್ದಳು. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಈ ಕುತೂಹಲದ ಹೆಂಗಸಿಗೆ ಇರಲಿಲ್ಲ.

ಕಾರುಗಳು ನಿಲ್ಲುವ ಒಳ ಅಂಗಳಕ್ಕೆ ಹೆಂಗಸರು ಕಾಲಿಡುವಂತಿರಲಿಲ್ಲ, ಅಪಶಕುನವಂತೆ. ಹಸಿರು ಬಣ್ಣ ಅಪಶಕುನ, ಕಡಲೆಕಾಯಿ ಸಿಪ್ಪೆ ಅಪಶಕುನ, ಹೆಂಗಸೂ ಅಪಶಕುನ. ವರ್ಷಕ್ಕೊಂದು ಭಾನುವಾರ ಮಾತ್ರ ಜನರ ಮೋಜಿಗೆಂದು ಹೆಂಡತಿಯರು, ಅಕ್ಕತಂಗಿಯರು ಗಂಡಸರ ಕಾರಿನಲ್ಲಿ ಒಂದಷ್ಟು ಸುತ್ತು ಓಡಿಸಬಹುದಿತ್ತು. ಆ ಭಾನುವಾರ ಇದೇ ಆಗಿತ್ತು. ಈ ಸಲ ಆರ್ವೆಲಾ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದಳು.

"ಬೇಡ ಆರ್ವೆಲಾ. ಮೂಳೆ ಮುರ್ಕೊಳ್ತೀಯ," ಎಂದ ಡಾಯ್ಲ್.

"ಕೋಳಿ ಕಾಲು ಬಿಟ್ರೆ ನಾನು ಯಾವ ಮೂಳೆನೂ ಮುರ್ದಿಲ್ಲ. ಸರ್ಕೊ."

"ಹತ್ಲಿ ಬಿಡೋ. ಜಾರೋದು ಕಾರೋ, ನೀನೋ, ಗೊತ್ತಾಗ್ಲಿ," ಎಂದು ಹೋಬರ್ಟ್ ನಕ್ಕ.

ಬಾಗಿಲುಗಳನ್ನು ಬೆಸೆದುಬಿಟ್ಟಿದ್ದರಿಂದ ಆರ್ವೆಲಾ ಕಿಟಕಿಯಿಂದಲೇ ಒಳಗೆ ನುಸುಳಿದಳು. ಡಾಯ್ಲ್ ಗಾಬರಿಯಿಂದ ಕೈ ಒಳಗೆ ಚಾಚಿದ. "ಒಂದ್ನಿಮಿಷ, ಆ ಕನ್ನಡಿ ತೆಗೀತೀನಿ..."

"ಇರ್ಲಿ ಬಿಡೋ, ನಿನ್ನ ಅದೃಷ್ಟದ ಕನ್ನಡಿ ಅವಳಿಗೂ ಒಲೀಲಿ," ಎಂದು ಹೋಬರ್ಟ್ ಅವನನ್ನು ಹಿಂದಕ್ಕೆಳೆದ.

ಬಾವುಟ ಬಿತ್ತು, ಕಾರು ಚಿಮ್ಮಿತು. ಎರಡು ಸುತ್ತು ಬರುವಷ್ಟರಲ್ಲಿ ಅವಳಿಗೆ ಒಂದು ವಿಷಯ ಖಾತ್ರಿಯಾಯಿತು: ಕಾರು ಎಲ್ಲೂ ಜಾರುತ್ತಿರಲಿಲ್ಲ. ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ತಿರುಗುತ್ತಿತ್ತು.

ಹಾಗಾದರೆ ಈ ಕನ್ನಡಿ ಯಾಕೆ? ಅಂಗೈಯಗಲದ ದುಂಡು ಕನ್ನಡಿ. ಸ್ಟಿಯರಿಂಗ್ ಇದ್ದ ಎಡಗಡೆಯ ಕಂಬಿಗೆ ತಂತಿಯಿಂದ ಕಟ್ಟಿತ್ತು. ಅದರಲ್ಲಿ ಹಿಂದಿನ ದಾರಿ ಕಾಣುತ್ತಿರಲಿಲ್ಲ, ಬಲಗಡೆ ಕಿಟಕಿ ಕಾಣುತ್ತಿತ್ತು. ಕತ್ತು ಕೊಂಚ ಹೊರಳಿಸಿದರೆ ಕಾಣುವ ಕಿಟಕಿಗೆ ಕನ್ನಡಿ ಯಾರಿಗೆ ಬೇಕು? ಯೋಚಿಸುತ್ತಲೇ ಮೂರನೇ ತಿರುವಿಗೆ ನುಗ್ಗಿದಳು. ಇಳಿಬಿಸಿಲು ಆ ಕನ್ನಡಿಗೆ ನೇರ ಹೊಡೆದು, ಕನ್ನಡಿ ಬರೀ ಬೆಳಕಾಯಿತು. ಬಲಗಡೆ ಕಾರಿದೆಯೋ ಇಲ್ಲವೋ, ಅದರಲ್ಲಿ ಏನೂ ಕಾಣಿಸಲಿಲ್ಲ.

ಆರ್ವೆಲಾ ತನಗರಿವಿಲ್ಲದೆಯೇ ಕಾಲು ತೆಗೆದಳು. ಪಿಕಪ್‌ನಲ್ಲೂ ಸ್ಟಿಯರಿಂಗು ಎಡಕ್ಕೆ, ತಾನು ಕೂರುವುದು ಅವನ ಬಲಕ್ಕೆ. ಅವನು ಮನಸ್ಸಿಲ್ಲದೆ ತನ್ನನ್ನು ನೋಡದೆ ಇದ್ದದ್ದಲ್ಲ, ಅವನ ಬಲಗಣ್ಣಿಗೆ ತಾನು ಕಾಣುತ್ತಲೇ ಇರಲಿಲ್ಲ! ಒಂದು ವರ್ಷ ಸುಮ್ಮನೆ ಅತ್ತೆನಲ್ಲ ಎಂದು ಸಿಟ್ಟು ಬಂತು, ಸಮಾಧಾನವೂ ಆಯಿತು, ಎರಡರ ಹಿಂದೆಯೇ ಭಯ ಬಂತು.

ಕೊನೆಯವಳಾಗಿ ಒಳ ಅಂಗಳಕ್ಕೆ ಬಂದು, ತಂತಿ ತಿರುಚಿ ಕನ್ನಡಿ ಕಿತ್ತುಕೊಂಡು ಇಳಿದಳು.

"ಏನಾಗಿದೆ ನನ್ನ ಕಾರಿಗೆ?" ಎಂದು ಹೋಬರ್ಟ್ ನಗುತ್ತ ಕೇಳಿದ.

"ಏನೂ ಆಗಿಲ್ಲ. ಈ ಕನ್ನಡಿ ಯಾಕೆ ಅಂತ ನೀನು ಒಂದು ಸಲನೂ ಕೇಳ್ಲಿಲ್ವಾ?"

"ಒಬ್ಬನ ಅದೃಷ್ಟದ ವಸ್ತು ಬಗ್ಗೆ ಕೇಳಿದ್ರೆ ಅದು ಕೆಡುತ್ತೆ. ಇಲ್ಲಿ ಯಾರೂ ಕೇಳಲ್ಲಮ್ಮ."

ಇವರ ಶಕುನಕ್ಕಿಷ್ಟು ಬೆಂಕಿ ಹಾಕ! ಡಾಯ್ಲ್ ಚಕ್ರದ ಬಳಿ ಬಗ್ಗಿದ್ದ. ಆರ್ವೆಲಾ ಅವನ ಬಲಕ್ಕೆ ಹೋಗಿ, ಕೆನ್ನೆಗೆ ತಾಗುವಷ್ಟು ಹತ್ತಿರ ಕನ್ನಡಿ ಹಿಡಿದು ಸುಮ್ಮನೆ ನಿಂತಳು. ಅವನು ರೆಪ್ಪೆ ಕೂಡ ಮಿಟುಕಿಸಲಿಲ್ಲ. ಹೋಬರ್ಟನ ನಗು ನಿಂತುಹೋಯಿತು.

"ಡಾಯ್ಲ್," ಎಂದಳು.

ಅವನು ಬೆಚ್ಚಿ ಇಡೀ ದೇಹವನ್ನೇ ತಿರುಗಿಸಿದ. ಅವಳ ಕೈಯಲ್ಲಿದ್ದುದನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಯಾವಾಗಿಂದ?" ಎಂದಳು ಆರ್ವೆಲಾ.

"ಹೋದ ಬೇಸಿಗೆ. ಶೆಡ್ಡಲ್ಲಿ ಕಬ್ಬಿಣ ಉಜ್ಜುವಾಗ ಕಣ್ಣಿಗೆ ಚೂರು ಬಿತ್ತು."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕಾರು ಓಡ್ಸೋಕೆ ಬಿಡ್ತಿದ್ಯಾ? ನೀನು ನೆಟ್ಟಗೆ ನೋಡಿದ್ರೆ ಗೊತ್ತಾಗ್ಬಿಡುತ್ತೆ ಅಂತಾನೇ ಮುಖ ತಪ್ಪಿಸ್ಕೊಂಡೆ. ಇದೊಂದು ರೇಸು, ಆರ್ವೆಲಾ. ಕೊನೇದು. ಕೊಡು ಅದನ್ನ."

ಅವಳು ಕನ್ನಡಿ ಕೊಟ್ಟಳು. "ತಗೊ. ಕಟ್ಕೊ. ಮೂರನೇ ತಿರುವಲ್ಲಿ ನಿನ್ನ ಬಲಗಡೆ ಇರೋನಿಗೂ ಹೆಂಡ್ತಿ ಇದಾಳೆ. ಗ್ಯಾಲರೀಲಿ ನನ್ನ ಪಕ್ಕನೇ ಕೂರ್ತಾಳೆ."

ದೊಡ್ಡ ರೇಸಿಗೆ ಕರೆ ಬಂತು. ಡಾಯ್ಲ್ ಕಾರಿನ ಕಡೆ ಎರಡು ಹೆಜ್ಜೆ ಇಟ್ಟು ನಿಂತ. ಆಮೇಲೆ ಹೆಲ್ಮೆಟ್ಟನ್ನು ಅಣ್ಣನ ಎದೆಗೆ ಒತ್ತಿದ. "ಕಾರು ಜಾರಲ್ಲ, ಅಣ್ಣ. ಯಾವತ್ತೂ ಜಾರಿಲ್ಲ."

ಕಾರು ಓಡಿಸುವವರಿಗಾಗಿ ಹೋಬರ್ಟ್ ಸುತ್ತ ಕಣ್ಣಾಡಿಸಿದ. ಬೇರೆ ಯಾರೂ ಸಿಗದೆ ತಾನೇ ಆ ದೊಡ್ಡ ಹೊಟ್ಟೆಯನ್ನು ಕಿಟಕಿಯಲ್ಲಿ ತುರುಕಿಕೊಂಡು ಕೂತ.

ಡಾಯ್ಲ್ ತನ್ನ ಜನ್ಮದಲ್ಲಿ ಮೊದಲ ಸಲ ಗ್ಯಾಲರಿ ಹತ್ತಿದ. ಆರ್ವೆಲಾ ರೂಢಿಯಂತೆ ಅವನ ಬಲಕ್ಕೆ ಕೂತವಳು, ಎದ್ದು, ಅವನ ಮೊಣಕಾಲು ದಾಟಿ ಎಡಕ್ಕೆ ಬಂದು ಕೂತಳು. ಕೆಳಗೆ ಹೋಬರ್ಟ್ ಮೂರನೇ ತಿರುವಿನಲ್ಲಿ ಇಬ್ಬರನ್ನು ಹಿಂದೆ ಹಾಕಿದ. ಜನ ಎದ್ದು ನಿಂತು ಕಿರುಚಿದರು. ಯಾರು ಮುಂದಿದ್ದಾರೆಂದು ತಿಳಿಯದೆ ಒಂದು ಗಳಿಗೆ ಇರಲಾರದ ಆರ್ವೆಲಾ ಅತ್ತ ತಿರುಗಲಿಲ್ಲ. ಡಾಯ್ಲ್ ಅವಳನ್ನೇ ನೆಟ್ಟಗೆ ನೋಡುತ್ತಿದ್ದ.