ಪುಕ್ಕಲಕ್ಕ

ನನ್ನ ಅಕ್ಕ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಗಾಳಿಯನ್ನು ಮೂಸುತ್ತಾಳೆ. ನೆಂಟರ ಮನೆಯಿರಲಿ, ಬ್ಯಾಂಕಿರಲಿ, ಹೊಸ್ತಿಲಲ್ಲಿ ಅರೆಗಳಿಗೆ ನಿಂತು, ಮೂಗಿನ ಹೊಳ್ಳೆಗಳನ್ನರಳಿಸಿ, ತಂತಿಯ ಹೊದಿಕೆ ಕಾದ ವಾಸನೆ ಎಲ್ಲಾದರೂ ಇದೆಯೇ ಎಂದು ಪರೀಕ್ಷಿಸಿಕೊಂಡ ಮೇಲೆಯೇ ಆಕೆಯ ಮುಖದಲ್ಲಿ ನಗು ಮೂಡುವುದು. "ಅತ್ತಿಗೆ ಬಂದ್ರೆ ಮೊದ್ಲು ನಮ್ಮ ಫ್ರಿಜ್ಜಿಗೆ ಜ್ವರ ನೋಡ್ತಾರೆ, ಆಮೇಲೆ ನಮ್ಮ ಕ್ಷೇಮ ವಿಚಾರಿಸ್ತಾರೆ" ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಅಕ್ಕ ಹೆರಿಗೆ ಆಸ್ಪತ್ರೆಯೊಂದರ ವಿದ್ಯುತ್ ಎಂಜಿನಿಯರ್. ದಪ್ಪ ರಬ್ಬರ್ ಅಟ್ಟೆಯ ಬೂಟು, ತೊಳೆದು ತೊಳೆದು ಬಣ್ಣಗೆಟ್ಟ ಬೂದು ಕೋಟು. ಅಗತ್ಯವಿಲ್ಲದ ಯಾವುದನ್ನೂ ಮುಟ್ಟಬಾರದೆಂದು ಎರಡೂ ಕೈಗಳನ್ನು ಆ ಕೋಟಿನ ಜೇಬಿನಲ್ಲಿ ಹುದುಗಿಸಿಕೊಂಡು, ನೀರು ಚೆಲ್ಲಿದ ನೆಲದ ಮೇಲೆ ನಡೆಯುವವಳಂತೆ ಅಳೆದಳೆದು ಹೆಜ್ಜೆಯಿಡುವುದು ಆಕೆಯ ರೀತಿ. ದಾದಿಯರು ಬೆನ್ನ ಹಿಂದೆ 'ಪುಕ್ಕಲಕ್ಕ' ಎನ್ನುತ್ತಿದ್ದರು. ಅದು ಆಕೆಗೆ ಗೊತ್ತಿತ್ತು, ಬೇಸರವಿರಲಿಲ್ಲ. ಸಹಿಸಲಾಗದ್ದು 'ಏನೂ ಆಗಲ್ಲ' ಎಂಬ ಮಾತು. ಯಾರ ಬಾಯಿಂದ ಅದು ಬಿದ್ದರೂ ತಟಕ್ಕನೆ ತಿರುಗಿ, "ಯಾರು ಹೇಳಿದ್ದು?" ಎಂದು ಕೇಳುವಳು. ಆಕೆ ಮೊದಲು ಕೆಲಸಕ್ಕಿದ್ದ ನೂಲಿನ ಗಿರಣಿಯಲ್ಲಿ, ದಿನವೂ ಎದುರು ಕೂತು ಊಟ ಮಾಡುತ್ತಿದ್ದ ಮೆಕ್ಯಾನಿಕ್ ಅದೇ ಮಾತನ್ನಾಡಿ, ವಿದ್ಯುತ್ ಹರಿಯುತ್ತಿದ್ದ ಪೆಟ್ಟಿಗೆಗೆ ಕೈಹಾಕಿದ್ದನಂತೆ. ಮುಂದಿನದನ್ನು ಆಕೆ ನಮಗೆ ಎಂದೂ ಪೂರ್ತಿ ಹೇಳಲಿಲ್ಲ.

ಒಂದು ವರ್ಷ ಚಳಿಗಾಲದಲ್ಲಿ ನನ್ನ ಮಗಳು ದಿನ ತುಂಬುವ ಮೊದಲೇ ಅದೇ ಆಸ್ಪತ್ರೆಯಲ್ಲಿ ಹುಟ್ಟಿದಳು. ಕೊಕ್ಕರೆಯ ಕಾಲಿನಂಥ ಬೆರಳುಗಳು, ಕಾಗದದಷ್ಟು ತೆಳುವಾದ ಚರ್ಮ. ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯಿಲ್ಲದ ಅವಳನ್ನು ಶಾಖ ಕೊಡುವ ಯಂತ್ರದ ಕೆಳಗೆ ಮಲಗಿಸಿದ್ದರು. ಅಂಥ ಕೂಸುಗಳು ಆ ವಾರ ಬಂದುಬಂದು ವಾರ್ಡು ತುಂಬಿಹೋಗಿತ್ತು. ಒಂದು ಮಧ್ಯಾಹ್ನ ಅಕ್ಕನನ್ನು ಹುಡುಕಿಕೊಂಡು ನೆಲಮಾಳಿಗೆಗೆ ಇಳಿದೆ. ಆಕೆ ಇಡೀ ಆಸ್ಪತ್ರೆಗೆ ವಿದ್ಯುತ್ ಹಂಚುವ ಮುಖ್ಯ ಪ್ಯಾನಲಿನೆದುರು ಮಾಪಕದ ಪುಟ್ಟ ಪರದೆಯನ್ನೇ ದಿಟ್ಟಿಸುತ್ತ ನಿಂತಿದ್ದಳು.

"ಕೆಂಪು, ಹಳದಿ, ನೀಲಿ. ಮೂರು ದಾರೀಲಿ ಕರೆಂಟ್ ಬರುತ್ತೆ ಕಣೋ. ಮೂರರ ಮೇಲೂ ಭಾರ ಸಮ ಇದ್ರೆ ನಾಲ್ಕನೇ ತಂತಿಗೆ, ನ್ಯೂಟ್ರಲ್‌ಗೆ, ಹೆಚ್ಚು ಕೆಲಸ ಇರಲ್ಲ. ಈಗ ನೋಡು, ಶಾಖದ ಯಂತ್ರ ಎಲ್ಲಾ ಕೆಂಪಿಗೇ ಜೋತುಬಿದ್ದಿವೆ. ವ್ಯತ್ಯಾಸ ಎಲ್ಲಾ ನಾಲ್ಕನೆಯದರ ತಲೆ ಮೇಲೆ. ಅದರ ಜೋಡಣೆ ಕಾದು ಕಂದು ಬಣ್ಣಕ್ಕೆ ತಿರುಗಿದೆ."

"ಅದು ಕಿತ್ತುಹೋದ್ರೆ?"

"ಕತ್ತಲಾದ್ರೆ ಪುಣ್ಯ. ಆಗಲ್ಲ. ಭಾರ ಇರೋ ಕಡೆ ವೋಲ್ಟೇಜು ಕುಸಿಯುತ್ತೆ, ಖಾಲಿ ಇರೋ ಕಡೆ ಏರುತ್ತೆ. ಒಂದು ಕಡೆ ಕೂಸುಗಳು ತಣ್ಣಗಾಗ್ತವೆ, ಇನ್ನೊಂದು ಕಡೆ ಬೆಂಕಿ."

ಜೋಡಣೆ ಸರಿಪಡಿಸಲು ಇಡೀ ಆಸ್ಪತ್ರೆಯ ವಿದ್ಯುತ್ತನ್ನು ನಿಲ್ಲಿಸಬೇಕಿತ್ತು. ಜನರೇಟರಿನ ವಿದ್ಯುತ್ತೂ ಅದೇ ಪ್ಯಾನಲಿನ ಮೂಲಕವೇ ಹರಿಯಬೇಕಾದ್ದರಿಂದ ಬೇರೆ ದಾರಿಯಿರಲಿಲ್ಲ. ವಾರ್ಡಿನ ಹಿರಿಯ ವೈದ್ಯೆ ಕೆಟ್ಟವರಲ್ಲ. "ಈ ಚಳೀಲಿ ಯಂತ್ರ ಆರಿಸಿ ಅಂತೀರಲ್ಲ, ಯಾವ ಮಗೂನ ಎತ್ತಿಡಲಿ ಹೇಳಿ. ಭಾನುವಾರದ ಹೊತ್ತಿಗೆ ಒಂದಷ್ಟು ಕೂಸು ಯಂತ್ರದಿಂದ ಹೊರಬರ್ತವೆ, ಅಲ್ಲೀವರೆಗೆ ತಡೀರಿ" ಎಂದರು. ಅಕ್ಕ ಕೆಲವು ಕೋಣೆಗಳ ಹೀಟರುಗಳನ್ನು ಆರಿಸಿ, ಒಂದೆರಡು ಯಂತ್ರಗಳನ್ನು ನೀಲಿಯ ಕಡೆಗೆ ಬದಲಿಸಿದಳು. ಉಳಿದವಕ್ಕೆ ನೀಲಿ ತಂತಿ ಹಾದ ಗೋಡೆಯಲ್ಲಿ ಸಾಕೆಟ್ಟೇ ಇರಲಿಲ್ಲ. ಅಂದಿನಿಂದ ಆಕೆ ಊಟವನ್ನು ಪ್ಯಾನಲಿನೆದುರೇ ನಿಂತು ಮುಗಿಸುತ್ತಿದ್ದಳು, ತುತ್ತಿನ ನಡುವೆಯೂ ಮೂಸುತ್ತ.

ಭಾನುವಾರ ಬರುವ ಮೊದಲೇ ಆ ಜೋಡಣೆ ಕೈಕೊಟ್ಟಿತು. ಬೆಳಗಿನ ಹೊತ್ತು, ಹೆಂಡತಿ ಇನ್ನೂ ಬಾಣಂತಿಯರ ವಾರ್ಡಿನಲ್ಲಿ ಮಲಗಿದ್ದಳು, ನಾನು ಕೂಸುಗಳ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ತಲೆಯ ಮೇಲಿನ ದೀಪ ಇದ್ದಕ್ಕಿದ್ದಂತೆ ವಿಪರೀತ ಬೆಳ್ಳಗಾಯಿತು. ಅಷ್ಟು ಬೆಳಕನ್ನು ನೋಡಿ ಎದೆ ಝಲ್ಲೆನ್ನುವುದುಂಟೆಂದು ನನಗೆ ಅಂದೇ ತಿಳಿದದ್ದು. ಒಳಗೆ ಶಾಖದ ಯಂತ್ರಗಳ ಕೆಂಡಬಣ್ಣ ಮಂಕಾಗುತ್ತಿತ್ತು. ಎಲ್ಲಿಯೋ ಒಂದು ದೀಪ ಪಟ್ಟೆಂದು ಸಿಡಿಯಿತು. ದಾದಿಯರ ಮೇಜಿನ ಕಂಪ್ಯೂಟರಿನಿಂದ ಹೊಗೆ ಎದ್ದಿತು.

ಅಕ್ಕ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೈಗಳು ಜೇಬಿನಿಂದ ಹೊರಗಿದ್ದವು. ಬಾಗಿಲಲ್ಲಿ ನಿಂತು ಕೂಗಿದಳು: "ಕೂಸುಗಳನ್ನೆಲ್ಲ ಎದೆಗೆ ಹಾಕ್ಕೊಳ್ಳಿ! ಪೂರ್ತಿ ಕರೆಂಟ್ ತೆಗೀತಿದೀನಿ."

ನಾನು ಆಕೆಯ ತೋಳು ಹಿಡಿದೆ. "ಬೇಡಕ್ಕ, ಮಂಕಾಗಾದ್ರೂ ಉರೀತಿದೆಯಲ್ಲ. ಒಳಗೆ ನನ್ನ ಮಗು ಇದೆ!"

"ಗೊತ್ತು ಕಣೋ. ಅದಕ್ಕೇ ತೆಗೀತಿರೋದು. ಅಂಗಿ ಬಿಚ್ಚು, ಹೋಗು ಒಳಗೆ."

ಆಕೆ ಮೆಟ್ಟಿಲಿಳಿದ ಸ್ವಲ್ಪ ಹೊತ್ತಿಗೆಲ್ಲ ಸದ್ದುಗಳೆಲ್ಲ ನಿಂತುಹೋದವು. ಉಸಿರಾಟದ ಯಂತ್ರಗಳು ಮಾತ್ರ ತಮ್ಮ ಬ್ಯಾಟರಿಯಲ್ಲಿ ಬೀಪ್ ಎನ್ನುತ್ತಿದ್ದವು. ತಾಯಂದಿರು, ದಾದಿಯರು, ನೆಲ ಒರೆಸುವಾಕೆ, ಹಿರಿಯ ವೈದ್ಯೆ, ಎಲ್ಲರೂ ಒಂದೊಂದು ಕೂಸನ್ನು ಎದೆಗವಚಿ ಕಂಬಳಿ ಹೊದ್ದು ಕುಳಿತರು. ನನ್ನ ಮಗಳ ಬೆನ್ನು ತಣ್ಣಗಿತ್ತು. ಅವಳ ಉಸಿರು ನಿಂತಿತೇ ಎಂದು ತಿಳಿಯಲು ನಾನು ನನ್ನ ಉಸಿರನ್ನು ಬಿಗಿಹಿಡಿದು ಕಾಯುತ್ತಿದ್ದೆ. ಅವಳ ಎದೆ ಅಲುಗಿದ ಮೇಲೆ ಬಿಡುತ್ತಿದ್ದೆ. ಬ್ಯಾಟರಿಯ ಸದ್ದು ಕ್ಷೀಣಿಸಿದಂತೆ ಕೇಳಿದಾಗಲೆಲ್ಲ ಎಲ್ಲರ ಕಣ್ಣುಗಳೂ ಒಟ್ಟಿಗೇ ಆ ಕಡೆ ತಿರುಗುತ್ತಿದ್ದವು.

ಮತ್ತೆ ದೀಪ ಬಂದಾಗ ಅದು ಸಾಧಾರಣ ಬೆಳಕು. ಕೂಸುಗಳೆಲ್ಲ ಉಳಿದವು. ಅಕ್ಕ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ನೀರಿನ ಲೋಟ ಹಲ್ಲಿಗೆ ತಾಗಿ ಟಕಟಕ ಎನ್ನುತ್ತಿತ್ತು. ಹಿರಿಯ ವೈದ್ಯೆ ಪಕ್ಕದಲ್ಲಿ ಕುಳಿತು, "ತುಂಬಾ ಧೈರ್ಯ ಮಾಡಿದ್ರಿ" ಎಂದರು.

"ಧೈರ್ಯ ಎಲ್ಲಿಂದ ಬಂತು ಡಾಕ್ಟ್ರೇ? ಹೊಸ ಜೋಡಣೆ ಇನ್ನೂ ಭಾರ ಹೊತ್ತು ನೋಡಿಲ್ಲ. ವಾರ್ಡಲ್ಲಿ ನೀಲಿ ತಂತಿ ಇರೋ ಗೋಡೆಗೆ ಸಾಕೆಟ್ ಹಾಕಿಸ್ಬೇಕು. ಇವತ್ತೇ" ಎಂದವಳೇ ಎದ್ದು ಪ್ಯಾನಲಿನ ಕಡೆ ಹೋದಳು.

ನಾವು ಗುಂಡಿ ಒತ್ತಿ, ಬೆಳಕಾಯಿತೆಂದು ಬೆನ್ನು ತಿರುಗಿಸಿ ಹೋಗುವ ಮಂದಿ. ನಮ್ಮ ಪಾಲಿನ ಭಯವನ್ನು ಯಾರೋ ಕೆಲವರು, ಕೇಳದೆಯೇ, ತಮ್ಮ ತಲೆಗೆ ಕಟ್ಟಿಕೊಂಡಿರುತ್ತಾರೆ. ಅವರ ಜತೆ ಬಾಳುವುದು ಕಷ್ಟ. ಹಬ್ಬದೂಟಕ್ಕೆ ಕೂತರೂ ಅರ್ಧ ಮನಸ್ಸು ಗೋಡೆಯೊಳಗಿನ ತಂತಿಯಲ್ಲಿರುತ್ತದೆ. ಅನಾಹುತ ತಪ್ಪಿದ ದಿನ ಏನೂ ನಡೆಯದ ದಿನದಂತೆಯೇ ಕಾಣುವುದರಿಂದ ಅವರ ದುಡಿಮೆಗೆ ಸಾಕ್ಷಿಯೂ ಸಿಗುವುದಿಲ್ಲ. ಇಂಥವರನ್ನು ನಾವು ಪುಕ್ಕಲರೆಂದು ಕರೆದು ನಗುತ್ತ, ಅವರು ಎಚ್ಚರವಾಗಿರುವ ಮನೆಗಳಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತೇವೆ.